ಡಿಶ್ಶಿನವನು ಬರುವ ದಿನ

ಕಸ್ತೂರಿಬಾಯಿ ಬೆಳಗ್ಗೆ ಎದ್ದವಳು ತನ್ನ ಮುಖ ತೊಳೆಯುವ ಮೊದಲು ಗೋಡೆಯ ಮುಖ ತೊಳೆದಳು. ಕಿಟಕಿ ಇರುವ ಗೋಡೆ ಅದು. ಇವತ್ತು ಅದರ ಹೊರಮೈಗೆ ಡಿಶ್ ಕೂರುವುದಿತ್ತು, ಒಳಮೈಯಲ್ಲಿ ವಯರು ಇಳಿಯುವುದಿತ್ತು. ಸೊಸೆಯ ತವರಿನವರು ಮೊದಲ ಸಲ ಮನೆ ನೋಡಲು ಕಾಂದಿವಲಿಯಿಂದ ಬಂದಿದ್ದಾಗಲೂ ಆ ಗೋಡೆಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಸೊಸೆ ರಂಜನಾ ಅಡುಗೆಕಟ್ಟೆಯ ಹತ್ತಿರ ನಿಂತು ಚಹಾ ಸೋಸುತ್ತ ಅದನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಚಹಾ ಬಟ್ಟಲು ತುಂಬಿ ಕಟ್ಟೆಯ ಮೇಲೆ ಹರಿಯಿತು. ಅತ್ತೆ ಬೈದಳು. ಬೈದದ್ದು ರಂಜನಾಳ ಕಿವಿಗೆ ಬೀಳಲೇ ಇಲ್ಲ. ಡಿಶ್ಶಿನವನು ಬರಬಾರದು, ಅವನ ಬೈಕಿನ ಚಕ್ರ ಸಾಯನ್ ಸರ್ಕಲ್ಲಿನಲ್ಲೇ ಪಂಕ್ಚರ್ ಆಗಬೇಕು ಎಂದು ಅವಳು ಎದ್ದಾಗಿನಿಂದ ಕಂಡ ಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದಳು.

ಅವಳಿಗೆ ಡಿಶ್ಶಿನ ಮೇಲೆ ಹಗೆಯೇನೂ ಇರಲಿಲ್ಲ. ಹಗೆ ಇದ್ದದ್ದು ಅವನು ತರುವ ಡ್ರಿಲ್ ಮಷೀನಿನ ಮೇಲೆ. ರಂಜನಾ ಬಸುರಿಯಾಗಿದ್ದಳು. ಎರಡು ತಿಂಗಳು ಮುಗಿದಿತ್ತು. ಗಂಡ ಶಿವಪುತ್ರನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬಸುರಿ ಇರುವ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು, ತೂತು ಕೊರೆಯಬಾರದು, ಹೊಡೆದರೆ ಆ ಪೆಟ್ಟು ಗೋಡೆಗಷ್ಟೇ ಬೀಳುವುದಿಲ್ಲ. ಕಲಬುರಗಿ ಕಡೆಯ ಹೆಂಗಸರು ಮುಂಬಯಿಗೆ ಬರುವಾಗ ಈ ಮಾತನ್ನು ರೊಟ್ಟಿಯ ಗಂಟಿನ ಜೊತೆಗೇ ಕಟ್ಟಿಕೊಂಡು ಬಂದಿದ್ದರು. ಆಂಟಾಪ್ ಹಿಲ್ಲಿನ ಈ ಬಿಲ್ಡಿಂಗಿನಲ್ಲಿ ಗೊತ್ತಿದ್ದೂ ಅದನ್ನು ಮೀರಿದವರು ಒಬ್ಬರೂ ಇರಲಿಲ್ಲ.

ಇಷ್ಟಕ್ಕೆ ಒದ್ದಾಡುವುದೇಕೆ, ಅತ್ತೆಗೆ ಒಂದು ಮಾತು ಹೇಳಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಕಸ್ತೂರಿಬಾಯಿಯನ್ನು ಕಂಡವರಲ್ಲ. ಅವಳ ಕಿವಿಗೆ ಹಾಕುವುದೂ ಒಂದೇ, ಬಿಲ್ಡಿಂಗಿನ ಕೆಳಗೆ ಮೈಕು ಕಟ್ಟಿಸುವುದೂ ಒಂದೇ. ಹೋದ ವರ್ಷ ರಂಜನಾಳಿಗೆ ಮೊದಲ ಸಲ ಬಸುರು ನಿಂತಾಗ ಅದೇ ದಿನ ಮಹಡಿಯವರಿಗೆಲ್ಲ ಪೇಡೆ ಹಂಚಿದ್ದಳು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಹೇಳಿದಳು, ಕೊತ್ತಂಬರಿ ಮಾರುವವನಿಗೆ ಹೇಳಿದಳು, ಅವನಿಂದ ಹೆಚ್ಚಿಗೆ ಒಂದು ಕಟ್ಟು ಇಸಿದುಕೊಂಡಳು. ಮೂರನೆಯ ತಿಂಗಳಲ್ಲಿ ಅದು ಹೋಯಿತು. ಪೇಡೆ ತಿಂದವರೆಲ್ಲ ಸಮಾಧಾನ ಹೇಳಲು ಬಂದರು. ಆಮೇಲೆ ಎಷ್ಟೋ ದಿನ ರಂಜನಾ ಮೆಟ್ಟಿಲು ಇಳಿಯುವಾಗ ಎದುರು ಬಂದವರ ಕಣ್ಣು ಮೊದಲು ಅವಳ ಹೊಟ್ಟೆಗೆ ಹೋಗಿ ಆಮೇಲೆ ಮುಖಕ್ಕೆ ಬರುತ್ತಿತ್ತು. ಆ ಕಣ್ಣುಗಳನ್ನು ನೆನೆಸಿಕೊಂಡರೆ ಇವತ್ತಿಗೂ ಅವಳಿಗೆ ಮೈ ಉರಿಯುತ್ತಿತ್ತು.

ಪಕ್ಕದ ಮನೆಯ ಗಂಗೂಬಾಯಿ ಆಗ ಸುಮ್ಮನಿರಲಾರದೆ ಕೇಳಿದ್ದಳು, "ಮನ್ಯಾಗ ಮೊಳಿ ಗಿಳಿ ಹೊಡದಿದ್ರೇನವ್ವ?" ರಂಜನಾಳಿಗೆ ತಟ್ಟನೆ ನೆನಪಾಗಿತ್ತು. ಬಸುರು ಗೊತ್ತಾಗುವ ಮೊದಲು ಕ್ಯಾಲೆಂಡರಿಗೆಂದು ಅವಳೇ ಒಂದು ಮೊಳೆ ಬಡಿದಿದ್ದಳು. ಇದು ಯಾರ ತಪ್ಪೂ ಅಲ್ಲ, ಇಂಥವು ಆಗುತ್ತವೆ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ರಂಜನಾ ಆಸ್ಪತ್ರೆಯಲ್ಲಿ ಇದ್ದಷ್ಟು ಹೊತ್ತು ಡಾಕ್ಟರನ್ನು ನಂಬಿದಳು, ಮನೆಗೆ ಬಂದ ಮೇಲೆ ಗಂಗೂಬಾಯಿಯನ್ನು ನಂಬಿದಳು. ಈ ಸಲ ಮೂರು ತಿಂಗಳು ದಾಟುವ ತನಕ ಬಾಯಿ ಬಿಡುವುದಿಲ್ಲ, ಅತ್ತೆಯ ಮುಂದಂತೂ ಇಲ್ಲವೇ ಇಲ್ಲ ಎಂದು ಆಣೆ ಹಾಕಿಕೊಂಡಿದ್ದಳು.

ಹೀಗಿರುವಾಗ ಈ ಡಿಶ್ ಬಂದು ವಕ್ಕರಿಸಿತು. ಕೇಬಲ್ಲಿನವನು ಕನ್ನಡ ಚಾನೆಲ್ಲುಗಳನ್ನು ತೆಗೆದುಹಾಕಿ ಎಷ್ಟೋ ಕಾಲವಾಗಿತ್ತು. ಅಷ್ಟು ಕಾಲ ಗೊಣಗಿಕೊಂಡು ಸುಮ್ಮನಿದ್ದ ಕಸ್ತೂರಿಬಾಯಿಗೆ ಹೋದ ವಾರ ಇದ್ದಕ್ಕಿದ್ದಂತೆ ಅವಸರ ಹತ್ತಿತು. ಶಿವಪುತ್ರ, "ಅವ್ವಾ, ಮೊಬೈಲ್‌ದಾಗ ಎಲ್ಲಾ ಬರತದ, ಅದರಾಗೇ ನೋಡು" ಎಂದು ತಪ್ಪಿಸಲು ನೋಡಿದ. ಅವಳು ಒಪ್ಪಲಿಲ್ಲ. ರಂಜನಾಳ ಫೋನಿನಿಂದಲೇ ಬುಕ್ ಮಾಡಿಸಿದಳು. ಮಾಡಿಸುವಾಗ ಒಂದೇ ಒಂದು ಪ್ರಶ್ನೆ ಕೇಳಿದ್ದಳು, "ಅವನ ಹಂತ್ಯಾಕ ಮಷೀನ್ ಇರತದಲ್ಲ? ಸ್ಲ್ಯಾಬಿಗೂ ತೂತು ಹೊಡೀಬೇಕು, ಅಂಥಾದ್ದು?" ಡಿಶ್ಶಿಗೂ ತಲೆಯ ಮೇಲಿನ ಸ್ಲ್ಯಾಬಿಗೂ ಏನು ಸಂಬಂಧ ಎಂದು ರಂಜನಾ ಆಗ ಯೋಚಿಸಲಿಲ್ಲ.

ಒಟಿಪಿ ಅವಳ ಫೋನಿಗೇ ಬರುವುದರಿಂದ ಇವತ್ತು ಅವಳು ದಾದರಿನ ಸೀರೆ ಅಂಗಡಿಯ ಕೆಲಸಕ್ಕೆ ರಜೆ ಹಾಕಬೇಕಾಯಿತು. ಬಿಲ್ ಕೌಂಟರಿನ ಸ್ಟೂಲಿನ ಮೇಲೆ ಕುಳಿತು ಇಡೀ ದಿನ ಗಿರಾಕಿಗಳಿಂದ ಬೈಸಿಕೊಂಡಿದ್ದರೂ ಇದಕ್ಕಿಂತ ಸುಖವಾಗಿತ್ತು.

"ಬಾ ಇಲ್ಲಿ, ಕಪಾಟ ಸರಸೂನು" ಎಂದಳು ಕಸ್ತೂರಿಬಾಯಿ. ಕಬ್ಬಿಣದ ಕಪಾಟು ಕಿಟಕಿಯ ಗೋಡೆಗೆ ಆತು ನಿಂತಿತ್ತು. "ನೀ ಆ ಕಡೆ ಹಿಡಿ, ನಾ ಈ ಕಡೆ ನೂಕತೀನಿ."

ರಂಜನಾ ಹತ್ತಿರ ಹೋದಳು, ಕೈ ಇಟ್ಟಳು, ತೆಗೆದಳು. "ಅತ್ತಿ, ನನ್ನ ಕಮರ್ ದುಖ್ತಾ ಅದ ರಿ. ಭಾರ ಎತ್ತಾಕ ಆಗಂಗಿಲ್ಲ."

"ನಿನ್ನೆ ತನ ಚಂದ ಇದ್ದಿ."

"ಆಜ್ ಸುಬಾಸೇ ಹಿಂಗೇ ರಿ." ಮುಂಬಯಿಯಲ್ಲೇ ಬೆಳೆದ ಅವಳ ಕನ್ನಡದ ನಡುವೆ ಹಿಂದಿ, ಮರಾಠಿ ನುಗ್ಗುತ್ತಿದ್ದವು.

"ಈಗಿನ ಹುಡುಗ್ಯಾರು ಹತ್ತೀಲೆ ಮಾಡಿದವ್ರು" ಎಂದು ಗೊಣಗುತ್ತ ಕಸ್ತೂರಿಬಾಯಿ ಗ್ಯಾಲರಿಗೆ ಹೋಗಿ ಗಂಗೂಬಾಯಿಯನ್ನು ಕರೆದಳು. ಇಬ್ಬರು ಮುದುಕಿಯರೂ ಉಸ್ಸು ಬುಸ್ಸು ಎಂದು ಕಪಾಟನ್ನು ನೂಕಿದರು. ಅದರ ಹಿಂದೆ ಧೂಳು, ಒಂದು ಬಾಚಣಿಕೆ, ಶಿವಪುತ್ರನ ಕಳೆದುಹೋಗಿದ್ದ ಬೆಲ್ಟು ಸಿಕ್ಕವು. ರಂಜನಾ ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಗಂಗೂಬಾಯಿ ಅವಳನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು. ರಂಜನಾ ಅವಸರ ಅವಸರವಾಗಿ ನಾಲ್ಕು ಹೆಜ್ಜೆ ಹಾರುವಂತೆ ನಡೆದು ಕಸ ಗುಡಿಸಿದಳು, ತನಗೇನೂ ಆಗಿಲ್ಲ ಎಂದು ತೋರಿಸಲಿಕ್ಕೆ.

"ಸಂಜಿಕ ಎಲ್ಲಾರೂ ಬರ್ರಿ" ಎಂದು ಕಸ್ತೂರಿಬಾಯಿ ಗಂಗೂಬಾಯಿಗೆ ಹೇಳಿದಳು. "ಆ ಕಡಿ ಮನಿ ಚಂಪಾಗೂ ಹೇಳೀನಿ. ಚಾ ಕುಡದು ನಮ್ಮ ಭಾಷಾದಾಗ ಧಾರಾವಾಹಿ ನೋಡೂನು. ಇನ್ನ ಆ ಹಿಂದಿಯವರ ಅತ್ತಿ-ಸೊಸಿ ಜಗಳ ನಮಗ್ಯಾಕ ಬೇಕು? ನಮ್ಮ ಜಗಳ ನಮಗ ಇರಲಿ."

ಅವರಿಬ್ಬರೂ ನಗುತ್ತಿದ್ದಾಗ ರಂಜನಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಶಿವಪುತ್ರನಿಗೆ ಫೋನ್ ಮಾಡಿದಳು. ಅವನು ಬೈಕುಲ್ಲಾದಲ್ಲಿ ಗ್ರಿಲ್ಲು ಗೇಟು ಮಾಡುವ ವರ್ಕ್‌ಶಾಪಿನಲ್ಲಿದ್ದ. ಹಿಂದೆ ಕಬ್ಬಿಣ ಕೊಯ್ಯುವ ಸದ್ದು ಕಿವಿ ಕಡಿಯುತ್ತಿತ್ತು.

"ಅವ್ವಗ ಹೇಳಿಬಿಡು" ಎಂದ ಅವನು.

"ನಿಮ್ಮವ್ವಗ ಹೇಳಿದ್ರ ಸಂಜಿ ಒಳಗ ವಡಾಳಾ ತಕ್ ಗೊತ್ತಾಗತದ."

"ಮೊಳಿ ಗಿಳಿ ಎಲ್ಲಾ ಸುಳ್ಳು ರಂಜೂ. ನಾ ದಿನಾ ಎಷ್ಟು ಗ್ವಾಡಿಗಿ ತೂತು ಹೊಡೀತೀನಿ."

"ಹಂಗಾರ ಬರ್ರಿ. ಬಂದು ಈ ಗ್ವಾಡಿಗಿ ನೀವೇ ಹೊಡೀರಿ."

"ಸೇಟ್ ಕರೀಲತ್ತಾನ" ಎಂದು ಹೇಳಿ ಶಿವಪುತ್ರ ಫೋನ್ ಇಟ್ಟುಬಿಟ್ಟ. ನಂಬಿಕೆ ಇಲ್ಲ ಎನ್ನುವವರ ಧೈರ್ಯವೂ ಇಷ್ಟೇ ಎಂದು ರಂಜನಾಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು.

ಇನ್ನು ತನ್ನ ದಾರಿ ತನಗೆ ಎಂದು ಅವಳು ಒಂದೊಂದೇ ಅಡ್ಡಗಾಲು ಹಾಕತೊಡಗಿದಳು. ಹೊರಗೋಡೆಗೆ ಡಿಶ್ ಹಾಕಬೇಕಾದರೆ ಸೊಸೈಟಿಯ ಪರ್ಮಿಷನ್ ಬೇಕು ಎಂದಳು. ಕಸ್ತೂರಿಬಾಯಿ ಸೆಕ್ರೆಟರಿ ಕಾಂತಪ್ಪನ ಮನೆಗೆ ಮೊನ್ನೆಯೇ ಶೇಂಗಾ ಹೋಳಿಗೆ ಮುಟ್ಟಿಸಿ ಬಂದಿದ್ದಳು. ಗೋಡೆಯೊಳಗೆ ಕರೆಂಟಿನ ವಯರು ಇದೆ, ತೂತು ಹೊಡೆದರೆ ಶಾಕ್ ಹೊಡೆಯುತ್ತದೆ ಎಂದಳು. "ನಿನ್ನ ಗಂಡನ್ನ ಕೇಳೀನಿ, ವಯರ್ ಆ ಕಡೆ ಗ್ವಾಡ್ಯಾಗ ಅದ" ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಕೊನೆಗೆ ರಂಜನಾ ಫೋನಿನ ಸದ್ದು ಅಡಗಿಸಿ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. "ಫೋನ್ ಬಂತೇನು?" ಎಂದು ಅತ್ತೆ ಕೇಳಿದಾಗಲೆಲ್ಲ "ಇಲ್ಲ ರಿ" ಎಂದಳು. ಡಬ್ಬಿಯ ಹಿಂದೆ ಫೋನು ಜೀವ ಬಂದಂತೆ ಗುರುಗುಡುತ್ತ ಕಟ್ಟೆಯ ಅಂಚಿಗೆ ಸರಿದು ಸರಿದು ಇನ್ನೇನು ಬೀಳುವುದರಲ್ಲಿತ್ತು. ಎತ್ತಲೇಬೇಕಾಯಿತು.

ಡಿಶ್ಶಿನವನು ಬಿಲ್ಡಿಂಗ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ರಂಜನಾ ಅವನನ್ನು ಪೆಟ್ರೋಲ್ ಪಂಪಿನ ಆಚೆಗಿನ ಕಾಲನಿಗೆ ಕಳಿಸಿದಳು. ಕಳಿಸಿದ ಮೇಲೆ ಪಾಪ ಅನಿಸಿತು. ಬಿಸಿಲು ರಣರಣ ಹೊಡೆಯುತ್ತಿತ್ತು.

ಆದರೆ ಕಸ್ತೂರಿಬಾಯಿ ಕಿಟಕಿಯಲ್ಲಿ ಕಾವಲು ಕುಳಿತಿದ್ದಳು. ಚೀಲ ಹೊತ್ತ ಗಂಡಸು ಯಾರೇ ಕೆಳಗೆ ಹಾದರೂ "ಓ ಡಿಶ್ಶಿನವನ!" ಎಂದು ಕೂಗುತ್ತಿದ್ದಳು. ಕೊರಿಯರಿನವನು ತಲೆ ಎತ್ತಿ ನೋಡಿದ, ನೀರಿನ ಫಿಲ್ಟರಿನವನು ನೋಡಿದ. ಹೀಗೆ ಕೂಗಿ ಕೂಗಿ ಕೊನೆಗೊಮ್ಮೆ ನಿಜವಾದ ಡಿಶ್ಶಿನವನೇ ತಲೆ ಎತ್ತಿದ. ಪಂಪಿನ ಆಚೆ ಅಲೆದಾಡಿ ಬೆವೆತು ಹಿಂದಿರುಗಿ ಹೋಗುತ್ತಿದ್ದವನು ಅವನು.

ಹೆಸರು ಸೊಹೈಲ. ವಿಜಯಪುರದ ಕಡೆಯವನು, ಸಿಂದಗಿಯಲ್ಲಿ ಹುಟ್ಟಿದವನು. ಕಸ್ತೂರಿಬಾಯಿಯ ಮಾತು ಕೇಳಿದೊಡನೆ ಹಿಂದಿ ಬಿಟ್ಟು, "ಅಮ್ಮಾ, ನೀವು ನಮ್ಮ ಕಡಿಯವರೇ? ಫೋನ್‌ದಾಗ ಯಾರೋ ನಂಗೆ ಪೂರಾ ಆಂಟಾಪ್ ಹಿಲ್ ಫಿರಾಯಿಸಿಬಿಟ್ಟರು ನೋಡ್ರಿ" ಎಂದು ನಕ್ಕ. ರಂಜನಾ ಅವನಿಗೆ ನೀರು ಕೊಟ್ಟಳು. ತಲೆ ಎತ್ತಲಿಲ್ಲ.

ಅವನು ಕಿಟಕಿಯಿಂದ ಹೊರಗೆ ಬಾಗಿ ಫೋನಿನಲ್ಲಿ ದಿಕ್ಕು ನೋಡಿದ. "ಫಸ್ಟ್ ಕ್ಲಾಸ್. ಎದರಿಗಿ ಬಿಲ್ಡಿಂಗ್ ಇಲ್ಲ, ಗಿಡ-ಝಾಡ್ ಇಲ್ಲ. ಸಿಗ್ನಲ್ ಪೂರಾ ಸಿಗತದ" ಎಂದ. ರಂಜನಾಳ ಕೊನೆಯ ಆಸೆಯೂ ಅಲ್ಲಿಗೆ ಮುಗಿಯಿತು. ಅವನು ಚೀಲದಿಂದ ಡಿಶ್ಶಿನ ಬಾಣಿ, ಕ್ಲಾಂಪು, ಬೋಲ್ಟುಗಳನ್ನು ತೆಗೆದು ನೆಲಕ್ಕೆ ಹಾಸಿದ ಪೇಪರಿನ ಮೇಲಿಟ್ಟ. ಕೊನೆಗೆ ಡ್ರಿಲ್ ಮಷೀನ್ ಬಂತು. ಪ್ಲಗ್ ಚುಚ್ಚಿ, ನೋಡಲಿಕ್ಕೆಂದು ಒಮ್ಮೆ ಗಾಳಿಯಲ್ಲಿ ಘರ್ರ್ ಎನಿಸಿದ. ರಂಜನಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. ಅದನ್ನು ಇಳಿಸಿ ಸೆರಗು ಸರಿಪಡಿಸಿಕೊಂಡಳು. ಗೋಡೆಗೆ ಬೆನ್ನು ಹಚ್ಚಿ, ಅತ್ತ ಸರಿ ಎಂದರೂ ಸರಿಯದೆ ನಿಂತಳು.

"ತಡಿ ತಮ್ಮಾ" ಎಂದಳು ಕಸ್ತೂರಿಬಾಯಿ. "ಡಿಶ್ ಆಮ್ಯಾಲ. ಮೊದಲ ಇನ್ನೊಂದು ಕೆಲಸ ಅದ."

ಅವಳು ಮಂಚದ ಕೆಳಗಿನ ಟ್ರಂಕನ್ನು ಎಳೆದು, ತಳದಿಂದ ಒಂದು ಗಂಟು ತೆಗೆದಳು. ಹಳೆಯ ಇಳಕಲ್ ಸೀರೆಯ ತುಂಡು. ಅದರೊಳಗೆ ಒಂದು ಕಬ್ಬಿಣದ ಕೊಂಡಿ ಇತ್ತು, ದಪ್ಪನೆಯದು, ಎಣ್ಣೆ ಹಚ್ಚಿ ಒರೆಸಿ ಇಟ್ಟದ್ದು.

"ಇದನ್ನ ಅಲ್ಲಿ ಮ್ಯಾಲ ಹಾಕು. ಸ್ಲ್ಯಾಬಿಗಿ. ಕಿಟಕಿ ಗಾಳಿ ಬರಬೇಕು ಖರೆ, ಬಿಸಿಲು ಬಡೀಬಾರದು, ಅಂಥಾ ಜಾಗಾದಾಗ."

"ಇದು ನಮ್ದು ಕಾಮ್ ಅಲ್ಲ ಅಮ್ಮಾ. ನಾವು ಡಿಶ್ ಅಷ್ಟೇ."

"ಮಷೀನ್ ಕೈಯಾಗ ಹಿಡಕೊಂಡೇ ನಿಂತೀದಿ. ಒಂದು ತೂತು ಹೆಚ್ಚಿಗಿ ಹೊಡದ್ರ ನಿನ್ನ ಗಂಟೇನು ಹೋಗತದ? ಹೋಳಿಗಿ ಕಟ್ಟಿ ಕೊಡತೀನಿ."

ಸೊಹೈಲ ಕೊಂಡಿಯನ್ನು ಕೈಯಲ್ಲಿ ತೂಗಿ ನೋಡಿದ. "ಏನ್ ಕಟ್ಟತೀರಿ ಇದಕ್ಕ? ಝೂಲಾ?"

"ತೊಟ್ಟಿಲ" ಎಂದಳು ಕಸ್ತೂರಿಬಾಯಿ. ಹೇಳಿ, ಸೊಸೆಯ ಕಡೆ ಒಮ್ಮೆ ಕದ್ದು ನೋಡಿ, ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸುವುದೆಂದರೆ ಮಹಡಿಗೆಲ್ಲ ಕೇಳುವುದು ಮನೆಗಷ್ಟೇ ಕೇಳುವಂತಾಗುವುದು. "ನಾವು ಮೊದಲ ಝೋಪಡಿಯಾಗ ಇದ್ದಾಗ ಇದಕ್ಕೇ ನನ್ನ ಮಗನ ತೊಟ್ಟಿಲ ಕಟ್ಟಿದ್ದೆ. ಈ ಬಿಲ್ಡಿಂಗ್ ಕಟ್ಟಲಾಕ ಝೋಪಡಿ ಒಡದ್ರಲ್ಲ, ಮಂದಿ ಬಾಗಲಾ, ತಗಡಿನ ಪತ್ರಾ ಹೊತಗೊಂಡು ಹ್ವಾದ್ರು. ನಾ ಇದೊಂದು ಕಿತಗೊಂಡು ಬಂದೆ. ಹ್ವಾದ ವರ್ಷ ನಮ್ಮ ಸೊಸಿಗಿ ಒಂದು ಕೈ ತಪ್ಪಿ ಹೋತು. ಇವತ್ತಲ್ಲ ನಾಳಿ ಮತ್ತ ನಿಲ್ಲತದ. ನಿಂತ ಮ್ಯಾಲ ಗ್ವಾಡಿಗಿ ಕೈ ಹಚ್ಚಲಾಕ ಬರಂಗಿಲ್ಲ. ಅದಕ್ಕ ಮೊದಲ ಮನಿ ತಯಾರ ಮಾಡಿ ಇಡಬೇಕು."

"ಹಂಗಾರ ಡಿಶ್?"

"ಡಿಶ್ ಯಾವನಿಗಿ ಬೇಕಾಗ್ಯಾದೋ? ಬರೇ ಕೊಂಡಿ ಹಾಕಲಾಕ ಮಷೀನ್ ತರಸಿದ್ರ ಮಂದಿ ನೂರಾ ಎಂಟು ಕೇಳತಾರ. ಈ ಹುಡುಗಿ ಮನಸಿಗಿ ಹತ್ತತದ. ಡಿಶ್ ಅಂದ್ರ ಯಾರೂ ಏನೂ ಕೇಳಂಗಿಲ್ಲ."

ರಂಜನಾ ನಿಂತಲ್ಲೇ ನಿಂತಿದ್ದಳು. ಬೆಳಗ್ಗೆಯಿಂದ ಅತ್ತೆಯನ್ನು ಮನಸ್ಸಿನಲ್ಲಿ ಬೈದ ಬೈಗುಳಗಳೆಲ್ಲ ಒಂದೊಂದಾಗಿ ನೆನಪಾದವು. ತನ್ನ ಮನಸ್ಸಿಗೆ ಹತ್ತಬಾರದೆಂದು ಈ ಹೆಂಗಸು, ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಈ ಹೆಂಗಸು, ಒಂದು ವಾರ ಮಾತು ನುಂಗಿಕೊಂಡು ಓಡಾಡಿದ್ದಳು.

ಸೊಹೈಲ ಸೋತು ಸ್ಟೂಲ್ ಹತ್ತಿದ. ಪೆನ್ಸಿಲಿನಿಂದ ಸ್ಲ್ಯಾಬಿಗೆ ಗುರುತು ಹಾಕಿದ. ಮಷೀನ್ ಎತ್ತಿ ಗುರುತಿಗೆ ಮೂತಿ ಇಟ್ಟು ಗುಂಡಿ ಒತ್ತಿದ. ಸದ್ದೇ ಬರಲಿಲ್ಲ. ಕೆಳಗೆ ನೋಡಿದರೆ ರಂಜನಾ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಳು.

"ಏನವ್ವ ಇದು?" ಎಂದಳು ಕಸ್ತೂರಿಬಾಯಿ.

"ಅತ್ತಿ, ಈಗ ಬರಂಗಿಲ್ಲ ರಿ."

"ಏನ್ ಬರಂಗಿಲ್ಲ?"

"ತೂತು ಹೊಡಿಲಾಕ ಬರಂಗಿಲ್ಲ." ಹಿಂದಿ, ಮರಾಠಿ ಯಾವುದೂ ನಡುವೆ ಬರಲಿಲ್ಲ. "ಎರಡು ತಿಂಗಳು ಆತು."

ಕಸ್ತೂರಿಬಾಯಿ ಸೊಸೆಯ ಕೈಯಲ್ಲಿದ್ದ ಪ್ಲಗ್ಗು ನೋಡಿದಳು, ಸರಿಸಿಟ್ಟ ಕಪಾಟು ನೋಡಿದಳು, ಸೊಸೆಯ ಮುಖ ನೋಡಿದಳು. ಅವಳ ಬಾಯಿ ತೆರೆಯಿತು. ಹೋದ ವರ್ಷ ಹೀಗೆಯೇ ತೆರೆದಿತ್ತು. ಅದರ ಹಿಂದೆಯೇ ಬಂದ ಕೂಗಿಗೆ ಮೂರು ಮಹಡಿಗಳ ಬಾಗಿಲು ತೆರೆದಿದ್ದವು. ಗ್ಯಾಲರಿಯಲ್ಲಿ ಚಂಪಾ ಬಟ್ಟೆ ಒಣಗಿಸುತ್ತಿದ್ದಳು, ಬಾಗಿಲು ಹಾರು ಹೊಡೆದಿತ್ತು. ರಂಜನಾ ಕಣ್ಣು ಮುಚ್ಚಿಕೊಂಡಳು.

ಕೂಗು ಬರಲಿಲ್ಲ. ಕಣ್ಣು ತೆರೆದರೆ ಅತ್ತೆ ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು ಧಾರೆ ಹರಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಸೆರಗು ತೆಗೆದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ತಮ್ಮಾ, ಕೆಳಗ ಇಳಿ. ಮಷೀನ್ ಚೀಲದಾಗ ಹಾಕು" ಎಂದಳು.

ಸೊಹೈಲ ಇಳಿದ. "ಇಳದೆ ಅಮ್ಮಾ, ಇಳದೆ. ನಮ್ಮ ಮನ್ಯಾಗೂ ಹಿಂಗೇ. ನಮ್ಮ ಆಪಾ ಪೇಟ್‌ಸೇ, ಬಸುರಿ ಇದ್ದಾಗ ನಮ್ಮ ಅಮ್ಮೀ ನಂಗೆ ಸ್ಕ್ರೂ ಡ್ರೈವರ್ ಹಿಡೀಲಾಕ ಸೈತ ಬಿಡಲಿಲ್ಲ" ಎಂದ. ಆಮೇಲೆ ಫೋನ್ ತೆಗೆದು ತಲೆ ಕೆರೆದುಕೊಂಡ. "ಮಗರ್ ಯಾಕ ಹಾಕಲಿಲ್ಲ ಅಂತ ಕಂಪನಿಗಿ ಬರೀಬೇಕು. ಕಸ್ಟಮರ್ ಬ್ಯಾಡ ಅಂದ್ರು ಅಂತ ಬರೀಲ್ಯಾ?"

"ಹಂಗ ಬರದ್ರ ಯಾಕ ಬ್ಯಾಡ ಅಂತ ಕೇಳತಾರೇನು?"

"ಫೋನ್ ಮಾಡಿ ಕೇಳತಾರ."

"ಸಿಗ್ನಲ್ ಸಿಗಲಿಲ್ಲ ಅಂತ ಬರಿ."

ಸೊಹೈಲ ಕಿಟಕಿಯ ಆಚೆ ಅಡ್ಡವೇ ಇಲ್ಲದ ಆಕಾಶವನ್ನು ಒಮ್ಮೆ ನೋಡಿದ. ಸಿಗ್ನಲ್ ಸಿಗಲಿಲ್ಲ ಎಂದು ಬರೆದ. ಬಾಣಿಯನ್ನು ಮತ್ತೆ ಚೀಲಕ್ಕೆ ತುಂಬಿ, ಹೋಳಿಗೆಯ ಪೊಟ್ಟಣ ಇಸಿದುಕೊಂಡು ಹೋದ.

ಸಂಜೆ ಗಂಗೂಬಾಯಿ, ಚಂಪಾ, ಇನ್ನೂ ನಾಲ್ಕಾರು ಹೆಂಗಸರು ತಂತಮ್ಮ ಮಣೆ ಹಿಡಿದುಕೊಂಡೇ ಬಂದರು. ಕಸ್ತೂರಿಬಾಯಿ ಬಾಗಿಲಲ್ಲೇ ನಿಂತಳು. ರಂಜನಾ ಒಳಗೆ ಚಹಾಕ್ಕೆ ನೀರಿಟ್ಟು ಕಿವಿಯೆಲ್ಲ ಹೊರಗಿಟ್ಟುಕೊಂಡಿದ್ದಳು. ಈಗ ಬಾಯಿ ಬಿಡುತ್ತಾಳೆ, ಇಷ್ಟು ಹೊತ್ತು ತಡೆದದ್ದೇ ದೊಡ್ಡದು ಎಂದುಕೊಂಡಳು.

"ಎಲ್ಲದ ನಿನ್ನ ಡಿಶ್?" ಎಂದಳು ಗಂಗೂಬಾಯಿ.

"ಇಲ್ಲವ್ವ. ಸಿಗ್ನಲ್ ಸಿಗಲಿಲ್ಲ."

"ಮ್ಯಾಲಿನವರ ಮನ್ಯಾಗ ಸಿಗತದ, ಕೆಳಗಿನವರ ಮನ್ಯಾಗ ಸಿಗತದ. ನಿನ್ನ ಮನಿಗಿ ಏನಾಗ್ಯಾದ?"

"ನನ್ನ ನಸೀಬ."

ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಗೂಬಾಯಿಗೆ ಬೆಳಗ್ಗೆ ಕಪಾಟು ನೂಕಿದ ಸೊಂಟದ ನೋವು ನೆನಪಾಗಿರಬೇಕು. "ಕೂಸು ಹುಟ್ಟೂಕ ಮೊದಲ ಕುಲಾಯಿ ಹೊಲಿಸಿದಂಗಾತು ನಿಂದು. ಎಲ್ಲಾರಿಗೂ ಆಮಂತ್ರಣ ಕೊಟ್ಟಿ, ಗ್ವಾಡಿ ತೊಳದಿ, ನನ್ನ ಕೈಲೆ ಹಮಾಲಿ ಮಾಡಿಸಿದಿ. ಬಡಾಯಿ ಸ್ವಲ್ಪ ಕಮ್ಮಿ ಮಾಡ ಕಸ್ತೂರಿ" ಎಂದಳು. ಉಳಿದವರು ನಕ್ಕರು.

ರಂಜನಾಳ ಕೈಯಲ್ಲಿದ್ದ ಸಕ್ಕರೆಯ ಚಮಚ ನಿಂತಿತು. ಕಸ್ತೂರಿಬಾಯಿ ಇಂಥ ಮಾತು ಆಡಿದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ನಲ್ಲಿಯ ಜಗಳದಲ್ಲಿ ಅವಳನ್ನು ಗೆದ್ದವರು ಆಂಟಾಪ್ ಹಿಲ್ಲಿನಲ್ಲೇ ಹುಟ್ಟಿರಲಿಲ್ಲ.

"ಖರೆ ಅದವ್ವ" ಎಂದಳು ಕಸ್ತೂರಿಬಾಯಿ. "ನಂದೇ ತಪ್ಪು. ಮೊದಲ ಹೇಳಬಾರದಿತ್ತು."

ಅಷ್ಟೇ. ಹೆಂಗಸರು ಮಣೆ ಎತ್ತಿಕೊಂಡು ಹೋದರು. ಗ್ಯಾಲರಿಯುದ್ದಕ್ಕೂ ಅವರ ನಗು ಕೇಳಿಸುತ್ತಿತ್ತು. ಕಸ್ತೂರಿಬಾಯಿ ಬಾಗಿಲು ಹಾಕಿ ಬಂದು, ಇಳಕಲ್ ಸೀರೆಯ ತುಂಡಿನಲ್ಲಿ ಕೊಂಡಿಯನ್ನು ಮತ್ತೆ ಸುತ್ತಿ ಟ್ರಂಕಿನ ತಳಕ್ಕಿಟ್ಟಳು. ಆಮೇಲೆ ಅಡುಗೆಕಟ್ಟೆಯ ಹತ್ತಿರ ಬಂದು ಸೊಸೆಯ ಕೈಯಿಂದ ಚಹಾದ ಪಾತ್ರೆ ಇಸಿದುಕೊಂಡಳು.

"ನೋಡಿದ್ಯಲ್ಲ?" ಎಂದು ಪಿಸುಗುಟ್ಟಿದಳು. ಮುಖ ಪರೀಕ್ಷೆ ಪಾಸಾದ ಮಕ್ಕಳ ಮುಖದಂತೆ ಅರಳಿತ್ತು. "ಒಂದು ಮಾತು ಹೇಳಲಿಲ್ಲ ನೋಡು ನಾ. ಒಂದು ಮಾತು."

ರಂಜನಾ ಕಣ್ಣೊರೆಸಿಕೊಂಡು ನಕ್ಕಳು. "ಇನ್ನೂ ಒಂದು ತಿಂಗಳು ಅದ ರಿ ಅತ್ತಿ. ಅಲ್ಲಿ ತನ ಬಾಯಿ ಮುಚ್ಚಿಕೊಂಡು ಇರಾಕ ಆಗತದೇನ್ರಿ ನಿಮಗ?"

ಕಸ್ತೂರಿಬಾಯಿ ಸ್ವಲ್ಪ ಹೊತ್ತು ನಿಜವಾಗಿಯೇ ಯೋಚಿಸಿದಳು.

"ಆಗಂಗಿಲ್ಲ" ಎಂದಳು. "ಆದ್ರೂ ಇರತೀನಿ. ನೀ ಕುಂದರು."